ಮೀನಿನ ಹೊಟ್ಟೆಯ ಹುಳು, ಮನೆಯೊಳಗಿನ ಜಗಳ

ಪ್ರಶ್ನೆ: ಡಾಕ್ಟ್ರೇ, ನನ್ನ ತವರು ಹೊಸದುರ್ಗ ತಾಲ್ಲೂಕಿನಲ್ಲಿ, ವಾಣಿವಿಲಾಸ ಸಾಗರದ ಹಿನ್ನೀರಿಗೆ ಹತ್ತಿರದ ಹಳ್ಳಿ. ಕೊಟ್ಟಿರುವುದು ಹಿರಿಯೂರಿಗೆ. ನನ್ನ ತಮ್ಮ ಹಿನ್ನೀರಿನಲ್ಲಿ ಬಲೆ ಬಿಟ್ಟು ಜೀವನ ಮಾಡುತ್ತಾನೆ. ಹೋದ ತಿಂಗಳು ಎರಡು ದೊಡ್ಡ ಕೊರವ ಮೀನು ತಂದುಕೊಟ್ಟು ಹೋದ. ಒಂದನ್ನು ಅವತ್ತೇ ಸಾರು ಮಾಡಿ ಮುದ್ದೆ ಜೊತೆ ಎಲ್ಲರೂ ಉಂಡೆವು. ಇನ್ನೊಂದನ್ನು ಮರುದಿನ ಸೀಳಿದರೆ ಹೊಟ್ಟೆಯೊಳಗೆ ಕೆಂಪಗೆ, ಸುರುಳಿ ಸುತ್ತಿಕೊಂಡ ಹುಳು. ಇನ್ನೂ ಅಲ್ಲಾಡುತ್ತಿತ್ತು. ಬೆನ್ನಿನ ಮಾಂಸದಲ್ಲಿ ಅಲ್ಲಲ್ಲಿ ಹಳದಿ ಗುಳ್ಳೆ. ನಮ್ಮತ್ತೆ ನೋಡಿ ಕೂಗಿಕೊಂಡು, ಮೀನನ್ನು ಹಾಗೇ ತಿಪ್ಪೆಗೆ ಎಸೆದರು. ಅದನ್ನು ನಮ್ಮ ನಾಯಿ ತಿಂದಿತು.

ಅದಾಗಿ ಎರಡು ವಾರಕ್ಕೆ ನಮ್ಮ ನಾಲ್ಕು ವರ್ಷದ ಮಗನಿಗೆ ಮಲದಲ್ಲಿ ಎರೆಹುಳದಷ್ಟು ಉದ್ದದ ಬಿಳಿ ಹುಳು ಬಿತ್ತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು, ಈಗ ಆರಾಮಿದ್ದಾನೆ. ಆದರೆ ಅತ್ತೆ, "ನಿನ್ನ ತಮ್ಮ ಹುಳದ ಮೀನು ತಂದು ನನ್ನ ಮೊಮ್ಮಗನ ಹೊಟ್ಟೆಗೆ ಹುಳ ಹಾಕಿದ" ಎಂದು ಕೇರಿಯಲ್ಲೆಲ್ಲ ಹೇಳಿದ್ದಾರೆ. ನಮ್ಮ ಬೀದಿಯವರು ಅವನ ಹತ್ತಿರ ಮೀನು ಕೊಳ್ಳುವುದನ್ನೇ ಬಿಟ್ಟಿದ್ದಾರೆ. ಅವನು ನಮ್ಮ ಮನೆಗೆ ಬರುತ್ತಿಲ್ಲ. ಡ್ಯಾಮಿನ ನೀರು ಕೊಳೆತಿದೆ, ತಿಂದರೆ ಸಮುದ್ರದ ಮೀನು ತಿನ್ನೋಣ ಅನ್ನುತ್ತಾರೆ ಅತ್ತೆ. ನನ್ನ ಯಜಮಾನರು ಬಾಯಿ ಬಿಡುವುದಿಲ್ಲ. ಅತ್ತೆ ಕೆಟ್ಟವರಲ್ಲ. ಅವರ ತವರು ಬಳ್ಳಾರಿ ಕಡೆ, ನೀರು, ಊಟದ ವಿಷಯದಲ್ಲಿ ಬಹಳ ಮಡಿ. ಅವರಿಗೆ ದಮ್ಮು ಬೇರೆ ಇದೆ, ಅದಕ್ಕೆಂದು ಜೂನ್ ತಿಂಗಳಲ್ಲಿ ಹೈದರಾಬಾದಿನ ಮೀನಿನ ಮದ್ದಿಗೂ ಹೋಗಿ ಬರುತ್ತಾರೆ. ನಿಜಕ್ಕೂ ಮಗುವಿಗೆ ಹುಳು ಬಂದದ್ದು ಆ ಮೀನಿನಿಂದಲೇ? ನಾವು ಉಂಡ ಮೊದಲನೇ ಮೀನಿನಲ್ಲೂ ಹುಳು ಇದ್ದಿದ್ದರೆ ಗತಿಯೇನು?
— ಹೆಸರು ಬೇಡ, ಹಿರಿಯೂರು

ಉತ್ತರ: ನಿಮ್ಮ ತಮ್ಮನ ಮೇಲಿನ ಆರೋಪ ಸುಳ್ಳು. ಮಗುವಿನ ಹೊಟ್ಟೆಯ ಹುಳು ಮೀನಿನಿಂದ ಬಂದದ್ದಲ್ಲ. ಇದನ್ನು ಅತ್ತೆಯವರಿಗೂ ಓದಿ ಹೇಳಬಹುದು. ಆದರೆ ಈ ಪತ್ರದ ಕೊನೆಯಲ್ಲಿ ಅವರ ಬಗ್ಗೆ ಒಂದು ಮಾತಿದೆ, ಅದನ್ನು ಮಾತ್ರ ಮೊದಲು ನೀವೊಬ್ಬರೇ ಓದಿಕೊಳ್ಳಿ.

ಮೊದಲು ಮಗುವಿನ ವಿಷಯ. ಎರೆಹುಳದಷ್ಟು ಉದ್ದ, ಬಿಳಿ ಎಂದಿರಿ. ಅದು ದುಂಡು ಜಂತುಹುಳು, ನಮ್ಮ ಮಕ್ಕಳಲ್ಲಿ ಬಹಳ ಸಾಮಾನ್ಯ. ಅದರ ಮೊಟ್ಟೆ ಇರುವುದು ಮಣ್ಣಿನಲ್ಲಿ, ಬಯಲಿಗೆ ಹೋದವರ ಮಲ ಬೆರೆತ ಮಣ್ಣಿನಲ್ಲಿ. ಮಗು ಮಣ್ಣಾಟ ಆಡಿ ಕೈ ಬಾಯಿಗೆ ಹಾಕಿದಾಗಲೋ, ಸರಿಯಾಗಿ ತೊಳೆಯದ ಸೌತೆಕಾಯಿ, ಕೊತ್ತಂಬರಿ ಸೊಪ್ಪು ತಿಂದಾಗಲೋ ಹೊಟ್ಟೆ ಸೇರುತ್ತದೆ. ಆ ಮೊಟ್ಟೆ ಒಡೆದು, ಮರಿ ರಕ್ತದಲ್ಲಿ ಸೇರಿ ಶ್ವಾಸಕೋಶ ಸುತ್ತಿ, ಮತ್ತೆ ಗಂಟಲಿಗೆ ಬಂದು ನುಂಗಿಸಿಕೊಂಡು, ಕರುಳಿನಲ್ಲಿ ಬೆಳೆದು ದೊಡ್ಡದಾಗಲು ಎರಡರಿಂದ ಮೂರು ತಿಂಗಳು ಬೇಕು. ನಿಮ್ಮ ಮನೆಯಲ್ಲಿ ಮೀನು ಉಂಡು ಎರಡು ವಾರವಾಗಿತ್ತು. ಆ ಹುಳು ನಿಮ್ಮ ತಮ್ಮ ಮೀನು ತರುವ ಎಷ್ಟೋ ಮೊದಲೇ ಮಗುವಿನ ಹೊಟ್ಟೆಯಲ್ಲಿತ್ತು. ಈ ಒಂದು ಲೆಕ್ಕವೇ ಸಾಕು. ಅಲ್ಲದೆ ಈ ಜಂತುಹುಳು ಮೀನಿನಲ್ಲಿ ಬಾಳುವ ಜಾತಿಯೇ ಅಲ್ಲ.

ಇನ್ನು ಕೊರವ ಮೀನಿನಲ್ಲಿ ಕಂಡದ್ದು. ಕೆಂಪು ಸುರುಳಿ ಹುಳು ಹೆಚ್ಚಾಗಿ ಯೂಸ್ಟ್ರಾಂಗಿಲಿಡೀಸ್ ಎಂಬ ದುಂಡುಹುಳದ ಮರಿ. ಹಳದಿ ಗುಳ್ಳೆ ಕ್ಲಿನೋಸ್ಟೋಮಮ್ ಜಾತಿಯ ಚಪ್ಪಟೆ ಹುಳದ್ದು. ಕಣ್ಣಲ್ಲಿ ನೋಡದೆ ಪತ್ರ ಓದಿ ಹೇಳುತ್ತಿದ್ದೇನೆ, ಆದರೆ ನೀವು ಬರೆದ ಲಕ್ಷಣ ಸಿಹಿನೀರಿನ ಮೀನುಗಳಲ್ಲಿ ಇವೆರಡಕ್ಕೇ ಚೆನ್ನಾಗಿ ಹೊಂದುತ್ತದೆ. ಎರಡಕ್ಕೂ ಮೀನು ದಾರಿಯ ನಡುವಿನ ತಂಗುದಾಣ ಅಷ್ಟೆ. ಕೊನೆಗೆ ಸೇರಬೇಕಾದದ್ದು ಹಕ್ಕಿಯ ಮೈ.

ಹಳದಿ ಗುಳ್ಳೆಯ ಹುಳದ ಸಂಸಾರ ಕೇಳಿದರೆ ನಿಮ್ಮ ತಮ್ಮನಿಗೆ ಖುಷಿಯಾಗುತ್ತದೆ, ಅವನು ದಿನಾ ನೋಡುವ ಜೀವಿಗಳೇ ಅದರಲ್ಲಿವೆ. ದೊಡ್ಡ ಹುಳು ಇರುವುದು ಬಕಪಕ್ಷಿಯ ಬಾಯಿ, ಗಂಟಲಿನಲ್ಲಿ. ಬಕ ನೀರಿಗೆ ಕೊಕ್ಕು ಹಾಕಿದಾಗ ಮೊಟ್ಟೆ ನೀರಿಗೆ ಬೀಳುತ್ತದೆ. ಮೊಟ್ಟೆಯಿಂದ ಬಂದ ಮರಿ ನೀರಿನ ಬಸವನಹುಳದ ಮೈ ಹೊಗುತ್ತದೆ. ಅಲ್ಲಿ ಒಂದು ಹತ್ತಾಗಿ, ನೂರಾಗಿ ಹೊರಬಿದ್ದು ಈಜಿ ಮೀನಿನ ಚರ್ಮ ಕೊರೆದು ಮಾಂಸದಲ್ಲಿ ಗೂಡು ಕಟ್ಟಿಕೊಳ್ಳುತ್ತದೆ. ಅದೇ ನೀವು ಕಂಡ ಹಳದಿ ಗುಳ್ಳೆ. ಇನ್ನೊಂದು ಬಕ ಆ ಮೀನನ್ನು ನುಂಗುವವರೆಗೆ ಒಳಗೆ ಸುಮ್ಮನೆ ಕಾಯುತ್ತಿರುತ್ತದೆ. ಕೆಂಪು ಹುಳದ್ದು ಬೇರೆ ದಾರಿ. ಅದು ಕೆಸರಿನಲ್ಲಿರುವ ಸಣ್ಣ ಹುಳುಗಳ ಮೂಲಕ ಚಿಕ್ಕ ಮೀನಿಗೆ, ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಮೀನು ತಿನ್ನುವ ಹಕ್ಕಿಯ ಜಠರಕ್ಕೆ ಹೋಗುತ್ತದೆ. ಕೊರವ ಬೇಟೆಗಾರ ಮೀನು. ತಾನು ನುಂಗಿದ ಮೀನುಗಳಲ್ಲಿದ್ದ ಹುಳುಗಳನ್ನೆಲ್ಲ ತನ್ನ ಮೈಯಲ್ಲಿ ಕೂಡಿಹಾಕಿಕೊಳ್ಳುತ್ತದೆ. ಅದಕ್ಕೇ ಕಾಟ್ಲಾ, ರೋಹುಗಳಿಗಿಂತ ಕೊರವದಲ್ಲಿ, ಬಾಳೆ ಮೀನಿನಲ್ಲಿ ಇಂಥ ಹುಳು ಕಣ್ಣಿಗೆ ಬೀಳುವುದು ಹೆಚ್ಚು.

ಸಣ್ಣ ಗೆಂಡೆ ಜಾತಿಯ ಮೀನುಗಳ ಹೊಟ್ಟೆ ಉಬ್ಬಿ, ಸೀಳಿದರೆ ಬಿಳಿ ಲಾಡಿಯಂಥ ಹುಳು ಹೊರಬರುವುದೂ ಉಂಟು. ಅದರ ಹೆಸರು ಲಿಗುಲಾ. ಅದು ಹೊಕ್ಕ ಮೀನಿಗೆ ಮೊಟ್ಟೆ ಕಟ್ಟುವುದಿಲ್ಲ, ಆಳಕ್ಕೆ ಹೋಗದೆ ನೀರಿನ ಮೇಲ್ಮೈಯಲ್ಲೇ ತೇಲಾಡುತ್ತದೆ, ನೀರುಕಾಗೆಗೆ ಸುಲಭದ ತುತ್ತಾಗುತ್ತದೆ. ಹುಳಕ್ಕೆ ಬೇಕಾದದ್ದೂ ಅದೇ.

ಈಗ ಹೇಳಿ, ಹಕ್ಕಿ, ಬಸವನಹುಳು, ಸಣ್ಣ ಮೀನು, ದೊಡ್ಡ ಮೀನು ಎಲ್ಲವೂ ಇದ್ದರೆ ತಾನೆ ಈ ಸಂಸಾರ ನಡೆಯುವುದು? ಮೀನಿನಲ್ಲಿ ಹುಳು ಕಂಡಿತು ಎಂದಾಕ್ಷಣ ನೀರು ಕೊಳೆತಿದೆ ಎನ್ನಲಾಗದು. ಕಾರ್ಖಾನೆಯ ವಿಷ ಸೇರಿ ಬಸವನಹುಳು ಸತ್ತ ನೀರಿನಲ್ಲಿ ಹಳದಿ ಗುಳ್ಳೆಯ ಸರಪಳಿಯೇ ತುಂಡಾಗುತ್ತದೆ. ಒಂದು ಮಾತು ಮಾತ್ರ ಅತ್ತೆಯವರ ಪರವಾಗಿದೆ: ಊರ ಚರಂಡಿ ಸೇರುವ ಕೆರೆಗಳಲ್ಲಿ ಕೆಸರುಹುಳು ಹೆಚ್ಚುವುದರಿಂದ ಕೆಂಪು ಹುಳದ ಕಾಟವೂ ಹೆಚ್ಚುತ್ತದೆ. ಚಿತ್ರದುರ್ಗವಾಗಲಿ ಹೊಳಲ್ಕೆರೆಯಾಗಲಿ, ಊರ ಮಧ್ಯದ ಕೊಚ್ಚೆ ಹರಿಯುವ ಹೊಂಡದಲ್ಲಿ ಹಿಡಿದ ಮೀನು ಬೇಡ, ಹುಳದ ಕಾರಣಕ್ಕಿಂತ ಕೊಚ್ಚೆಯ ಕಾರಣಕ್ಕೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಜಲಾಶಯ, ಅಂದರೆ ನಿಮ್ಮ ವಾಣಿವಿಲಾಸ ಸಾಗರ, ಅಂಥ ಹೊಂಡವಲ್ಲ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 89 ವರ್ಷ, 2022ರವರೆಗೆ, ಕಾಯಬೇಕಾಯಿತು. ಮಧ್ಯದ ಒಣ ವರ್ಷಗಳಲ್ಲಿ ನೀರು ತಳ ಹಿಡಿದಾಗ ಹೇಗಿತ್ತೆಂದು ನಿಮ್ಮ ತವರಿನ ಹಿರಿಯರಿಗೆ ಗೊತ್ತು. ನೀರು ಕುಗ್ಗಿದಷ್ಟೂ ಮೀನು, ಬಸವನಹುಳು, ಹಕ್ಕಿ ಎಲ್ಲವೂ ಒಂದೇ ಕಡೆ ಒತ್ತಾಗುತ್ತವೆ, ಒಂದರಿಂದೊಂದಕ್ಕೆ ಹುಳು ದಾಟುವುದು ಸಲೀಸಾಗುತ್ತದೆ. ಬೇಸಿಗೆಯ ಮೀನಿನಲ್ಲಿ ಹುಳು ಹೆಚ್ಚು ಕಂಡರೆ ಅಚ್ಚರಿಪಡಬೇಡಿ.

ಉಂಡ ಮೊದಲನೇ ಮೀನಿನಲ್ಲೂ ಹುಳು ಇತ್ತೇ? ಇದ್ದಿರಬಹುದು. ಇದ್ದರೂ ನಿಮಗೇನೂ ಆಗಿಲ್ಲ, ಆಗುವುದೂ ಇಲ್ಲ. ಮಾಂಸದ ಒಳಗಿನವರೆಗೆ 60 ಡಿಗ್ರಿ ಸೆಲ್ಸಿಯಸ್ ಬಿಸಿ ತಲುಪಿ ಒಂದು ನಿಮಿಷ ನಿಂತರೆ ಮೀನಿನ ಹುಳುಗಳು ಸಾಯುತ್ತವೆ. ನಮ್ಮ ಹುಣಸೆಹುಳಿಯ ಮೀನುಸಾರು ಒಲೆಯ ಮೇಲೆ ಕೊತಕೊತ ಕುದಿಯುವುದು ಅದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿಯಲ್ಲಿ, ಎಷ್ಟೋ ಹೊತ್ತು. ಸತ್ತ ಹುಳು ಹೊಟ್ಟೆಗೆ ಹೋದರೆ ಅದೂ ಒಂದು ಚೂರು ಮಾಂಸವೇ. ಹೇಳಲು ಅಸಹ್ಯ, ಆದರೆ ನಿಜ.

ಮೀನಿನ ಹುಳು ಮನುಷ್ಯನನ್ನು ಕಾಡುವುದು ಮೀನನ್ನು ಹಸಿಯಾಗಿ ತಿನ್ನುವ ಕಡೆ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಹಸಿ ಸಿಹಿನೀರು ಮೀನನ್ನು ಕೊಚ್ಚಿ ನಿಂಬೆರಸ, ಖಾರ ಕಲಸಿ ತಿನ್ನುತ್ತಾರೆ. ಅದರೊಂದಿಗೆ ಹೋಗುವ ಓಪಿಸ್ಥಾರ್ಕಿಸ್ ಎಂಬ ಹುಳು ಪಿತ್ತನಾಳದಲ್ಲಿ ವರ್ಷಗಟ್ಟಲೆ ಉಳಿದು ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಅದು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಸಾರಿದೆ. ಆ ಹುಳು ಕಣ್ಣಿಗೆ ಕಾಣುವಂಥದ್ದೇ ಅಲ್ಲ, ಮೀನಿನ ಮಾಂಸದಲ್ಲಿ ಚುಕ್ಕೆಗಿಂತ ಸಣ್ಣದಾಗಿ ಕೂತಿರುತ್ತದೆ. ನೀವು ಕಂಡು ಬೆಚ್ಚಿದ ಕೆಂಪು ಹುಳು ಕೂಡ ಬೆಂದ ಮೇಲೆ ಏನೂ ಮಾಡದು, ಜೀವಂತ ಹೋದರೆ ಸುಮ್ಮನಿರದು. 1982ರಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ ಗಾಳ ಹಾಕಲು ಕೂತ ಕೆಲವರು ಗಾಳಕ್ಕೆಂದು ತಂದಿದ್ದ ಜೀವಂತ ಮೀನಮರಿಗಳನ್ನೇ ನುಂಗಿದರು. ಅದರೊಳಗಿದ್ದ ಇದೇ ಯೂಸ್ಟ್ರಾಂಗಿಲಿಡೀಸ್ ಕರುಳನ್ನು ತೂತು ಮಾಡಿತು, ಹೊಟ್ಟೆ ಕೊಯ್ದು ಹುಳು ತೆಗೆಯಬೇಕಾಯಿತು.

ಆದ್ದರಿಂದ ಜಾಗ್ರತೆ ಬೇಕಾದದ್ದು ಅಡುಗೆಯಲ್ಲಿ. ಸಾರಿನ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ತವೆಯ ಮೇಲಿನ ದಪ್ಪ ತುಂಡಿನ ಮೇಲೆ, ಡ್ಯಾಮಿನ ದಂಡೆಯಲ್ಲಿ ಕೆಂಡದ ಮೇಲೆ ಇಡಿಯಾಗಿ ಸುಡುವ ಮೀನಿನ ಮೇಲೆ. ಹೊರಗೆ ಮಸಾಲೆ ಕಪ್ಪಾಗಿ ಗರಿಗರಿಯಾಗಿರುತ್ತದೆ, ಮುಳ್ಳಿನ ಬುಡ ಇನ್ನೂ ಹಸಿ. ಮಾಂಸ ಮುಳ್ಳಿನಿಂದ ತಾನಾಗಿ ಬಿಟ್ಟುಕೊಂಡು, ಒಳಗೆಲ್ಲ ಬೆಳ್ಳಗಾಗಿ ಪದರಪದರವಾಗಿ ಬಿಡಿಸಿದರೆ ಬೆಂದಿದೆ ಎಂದು ಲೆಕ್ಕ. ಉಪ್ಪು, ಅರಿಸಿನ, ನಿಂಬೆಹುಳಿ ಸವರಿ ಇಟ್ಟರೆ ಹುಳು ಸಾಯುತ್ತದೆ ಎಂದು ನಂಬಬೇಡಿ, ಸಾಯುವುದಿಲ್ಲ. ಫ್ರಿಜ್ಜಿನಲ್ಲಿ ಇಟ್ಟರೂ ಅಷ್ಟೆ. ಹಸಿ ತಿನ್ನುವ ಮೀನಿಗೆ ಅಮೆರಿಕದ ಆಹಾರ ಇಲಾಖೆ ಹೇಳುವ ಲೆಕ್ಕ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಏಳು ದಿನ. ಮನೆಯ ಫ್ರಿಜ್ಜಿನ ಮೇಲುಖಾನೆ, ಅದೂ ನಮ್ಮ ಕರೆಂಟಿನಲ್ಲಿ, ಅಷ್ಟು ತಣ್ಣಗೆ ಅಷ್ಟು ದಿನ ಇರುವುದು ಅನುಮಾನ. ಮೀನು ಕೊಯ್ದ ಈಳಿಗೆಮಣೆಯಲ್ಲೇ ತೊಳೆಯದೆ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ. ಉಪ್ಪು ನೋಡಲೆಂದು ಅರೆಬೆಂದ ತುಂಡನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ ಬಿಡಿ, ಸಾರನ್ನು ಅಂಗೈಗೆ ಬಿಟ್ಟುಕೊಂಡು ನೋಡಿದರೆ ಸಾಕು.

ನಾಯಿಯ ಬಗ್ಗೆ ನೀವು ಚಿಂತಿಸಲಿಲ್ಲ, ನಾನು ಚಿಂತಿಸುತ್ತೇನೆ. ಹಸಿ ಮೀನು, ಮೀನಿನ ಕರುಳು ನಾಯಿ ಬೆಕ್ಕಿಗೆ ಹಾಕಬಾರದು. ಕೊರವದಂಥ ಮೀನಿನಲ್ಲಿ ನ್ಯಾಥೋಸ್ಟೋಮಾ ಎಂಬ ಇನ್ನೊಂದು ಹುಳು ಇರಬಹುದು. ಅದು ದೊಡ್ಡದಾಗುವುದು ನಾಯಿ, ಬೆಕ್ಕಿನ ಹೊಟ್ಟೆಯಲ್ಲಿ. ಅವುಗಳ ಮಲದಿಂದ ಮೊಟ್ಟೆ ಮತ್ತೆ ಕೆರೆ ಸೇರುತ್ತದೆ. ಹಸಿ ಮೀನು ತಿಂದ ಮನುಷ್ಯನಲ್ಲಾದರೆ ಅದು ಚರ್ಮದಡಿ ಹರಿದಾಡುತ್ತದೆ, ಬಾವು ಇವತ್ತು ಇಲ್ಲಿ, ನಾಳೆ ಅಲ್ಲಿ. ಹುಳದ ಮೀನನ್ನು ತಿಪ್ಪೆಗೆ ಎಸೆಯದೆ ಗುಂಡಿ ತೆಗೆದು ಹೂಳಿ. ನಾಯಿಯನ್ನು ಒಮ್ಮೆ ಪಶು ಆಸ್ಪತ್ರೆಗೆ ಕರೆದೊಯ್ದು ಜಂತಿನ ಔಷಧಿ ಹಾಕಿಸಿ.

ಸಮುದ್ರದ ಮೀನಿನಲ್ಲಿ ಹುಳು ಇಲ್ಲವೇ? ಧಾರಾಳವಾಗಿ ಇದೆ. ಐಸು ತುಂಬಿದ ಲಾರಿಯಲ್ಲಿ ಮಲ್ಪೆ, ಮಂಗಳೂರಿನಿಂದ ಹಿರಿಯೂರಿಗೆ ಬರುವ ಬಂಗುಡೆಯ ಹೊಟ್ಟೆಯನ್ನು ಗಮನವಿಟ್ಟು ನೋಡಿ. ಬಿಳಿ ದಾರದ ಸಣ್ಣ ಸುರುಳಿ ಒಮ್ಮೊಮ್ಮೆ ಸಿಕ್ಕೀತು. ಅನಿಸಾಕಿಸ್ ಎಂಬ ಆ ಜಾತಿಯ ಹುಳುಗಳು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆ ಸೇರಲೆಂದು ಕಾಯುವಂಥವು. ಜಪಾನಿನಲ್ಲಿ ಹಸಿ ಮೀನು ತಿಂದು ಆಸ್ಪತ್ರೆ ಸೇರುವವರಿಗೆ ಅವು ಚೆನ್ನಾಗಿ ಪರಿಚಯ. ಕಾಳಿ, ಅಘನಾಶಿನಿಯಂಥ ನದಿಗಳು ಕಡಲು ಸೇರುವ ಅಳಿವೆಗಳಲ್ಲೂ ಹಕ್ಕಿ, ಬಸವನಹುಳು, ಮೀನು ಒಟ್ಟಿಗೇ ಇವೆ. ಉಪ್ಪುನೀರಿಗೆ ತಕ್ಕ ಬೇರೆ ಜಾತಿಯ ಹುಳುಗಳು ಅಲ್ಲೂ ಮೀನಿನಲ್ಲಿರುತ್ತವೆ. ಸಾಕದೆ ತಾನಾಗಿ ಬೆಳೆದ ಮೀನು ಎಂದರೆ ಒಳಗೆ ಒಂದಿಷ್ಟು ಹುಳು ಇರುವುದು ಸಾಮಾನ್ಯ. ಮೀನು ಸತ್ತ ಮೇಲೆ ಅನಿಸಾಕಿಸ್ ಹುಳು ಕರುಳಿನಿಂದ ಹೊರಟು ಮಾಂಸಕ್ಕೆ ಹರಿಯುತ್ತದೆ. ಆದ್ದರಿಂದ ಎಲ್ಲಿಯ ಮೀನೇ ಆಗಲಿ, ಮನೆಗೆ ತಂದ ಕೂಡಲೇ ಕರುಳು ತೆಗೆಯಬೇಕು. ನೀವು ಎರಡನೇ ಕೊರವವನ್ನು ಹೊಟ್ಟೆ ಸೀಳದೆ ಮರುದಿನದವರೆಗೆ ಇಟ್ಟಿರಿ, ಇನ್ನು ಮೇಲೆ ಹಾಗೆ ಮಾಡಬೇಡಿ. ಕೆಟ್ಟ ಮೀನಿನಿಂದಾಗುವ ವಾಂತಿ, ಭೇದಿ ಹುಳದ ಭಯಕ್ಕಿಂತ ದೊಡ್ಡದು. ನಿನ್ನೆ ಸಂಜೆ ಹಿನ್ನೀರಿನಲ್ಲಿ ಹಿಡಿದು ಇವತ್ತು ಬೆಳಿಗ್ಗೆ ಕೈಗೆ ಬಂದ ಮೀನು, ಎಷ್ಟೋ ದಿನ ಐಸಿನಲ್ಲಿ ಕೂತು ಘಟ್ಟ ಹತ್ತಿ ಬಂದ ಮೀನಿಗಿಂತ ನನ್ನ ಮಟ್ಟಿಗೆ ಮೇಲು.

ನಿಮ್ಮ ತಮ್ಮನಿಗೆ ಹೇಳಬೇಕಾದದ್ದೂ ಇದೆ. ಅವನು ಕೋಪ ಮಾಡಿಕೊಂಡು ದೂರ ಕೂತರೆ ಗಿರಾಕಿ ವಾಪಸು ಬರುವುದಿಲ್ಲ. ಕೊರವ, ಬಾಳೆ ಮೀನನ್ನು ಗಿರಾಕಿಯ ಎದುರೇ ಹೊಟ್ಟೆ ಸೀಳಿ ತೋರಿಸಲಿ. ಕರುಳಿನ ಸುತ್ತ ಒಂದೆರಡು ಹುಳು ಇದ್ದರೆ ತೆಗೆದು, ತೊಳೆದು ಕೊಡಲಿ. ಮಾಂಸದ ತುಂಬ ಗುಳ್ಳೆ ಇರುವ ಮೀನನ್ನು ಮಾರದೆ ಹೂಳಲಿ, ಕರುಳನ್ನು ಮತ್ತೆ ನೀರಿಗೆ ಎಸೆಯದಿರಲಿ. ಹುಳದ ಮೀನು ಪದೇಪದೇ ಸಿಗುತ್ತಿದ್ದರೆ ಒಂದೆರಡು ಹುಳುವನ್ನು ಸ್ಪಿರಿಟ್ ಹಾಕಿದ ಸಣ್ಣ ಬಾಟಲಿಯಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೆ ಕೊಡಲಿ. ಅವರು ಬೇಕಾದರೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರನ್ನು ಕೇಳಬಲ್ಲರು.

ಮಗುವಿಗೆ ಮತ್ತೆ ಜಂತುಹುಳು ಆಗದಿರಬೇಕಾದರೆ ಮೀನು ಬಿಡಿಸಿ ಪ್ರಯೋಜನವಿಲ್ಲ. ಊಟಕ್ಕೆ ಮೊದಲು, ಕಕ್ಕಸಿಗೆ ಹೋಗಿಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ, ಉಗುರು ಕತ್ತರಿಸಿ, ಕಾಲಿಗೆ ಚಪ್ಪಲಿ ಹಾಕಿಸಿ. 2015ರಿಂದ ದೇಶದಾದ್ಯಂತ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರುವರಿ 10ರ ಸುಮಾರಿಗೆ, ಮತ್ತೆ ಆಗಸ್ಟ್‌ನಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಪುಕ್ಕಟೆ ಕೊಡುತ್ತಾರೆ. ನಾಲ್ಕು ವರ್ಷದ ಮಗುವಿಗೆ 400 ಮಿಲಿಗ್ರಾಂನ ಒಂದು ಮಾತ್ರೆ, ಅಗಿದು ನುಂಗಬೇಕು. ಅದನ್ನು ತಪ್ಪಿಸಬೇಡಿ.

ಕೊನೆಗೆ ಅತ್ತೆಯವರ ವಿಷಯ. ಅವರ ಭಯವನ್ನು ಹಗುರವಾಗಿ ನೋಡಬೇಡಿ. ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ನಾರುಹುಣ್ಣು ಇತ್ತು. ಮೆಟ್ಟಿಲು ಬಾವಿಯ ನೀರು ಕುಡಿದವರಿಗೆ ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ಅದರಿಂದ ಮೊಳದುದ್ದದ ಹುಳು ಹೊರಬರುತ್ತಿತ್ತು. ದಿನಾ ಇಷ್ಟಿಷ್ಟೇ ಕಡ್ಡಿಗೆ ಸುತ್ತಿ ಎಳೆಯಬೇಕಿತ್ತು. ಆ ಹುಳವನ್ನು ಹೊತ್ತು ತರುತ್ತಿದ್ದದ್ದು ನೀರಿನಲ್ಲಿರುವ ಸೈಕ್ಲಾಪ್ಸ್ ಎಂಬ ಚುಕ್ಕೆಯಷ್ಟು ಜೀವಿ. ಲಿಗುಲಾ ಹುಳು ಮೀನಿಗೆ ಸೇರುವುದೂ ಅಂಥದೇ ಜೀವಿಗಳ ಮೂಲಕ. ನೀರು ಸೋಸಿ ಕುಡಿಯಲು ಕಲಿಸಿದ್ದು ನಾರುಹುಣ್ಣನ್ನು ಓಡಿಸಿದ ದಾರಿಗಳಲ್ಲಿ ಒಂದು. ಭಾರತದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ, ದೇಶ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2000ದಲ್ಲಿ. ನಿಮ್ಮ ಅತ್ತೆಯ ವಯಸ್ಸಿನವರು ಅದನ್ನು ಕಣ್ಣಾರೆ ಕಂಡಿದ್ದರೆ, ಹುಳು ಎಂದಾಕ್ಷಣ ಬೆಚ್ಚುವುದು ಸಹಜ. ಒಮ್ಮೆ ಕೇಳಿ ನೋಡಿ, ತಮ್ಮೂರಿನ ಕಥೆ ಹೇಳಿಯಾರು.

ಆದರೆ ಇಡೀ ಪತ್ರದಲ್ಲಿ ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ನೀವು ನಡುವೆ ಹೇಳಿ ಮುಂದೆ ಹೋದ ಮಾತು. ಹೈದರಾಬಾದಿನಲ್ಲಿ ಮೃಗಶಿರಾ ಮಳೆ ಹೂಡುವ ಹೊತ್ತಿಗೆ ದಮ್ಮಿಗೆಂದು ಕೊಡುವ ಮದ್ದಿನಲ್ಲಿ ನುಂಗಿಸುವುದು ಜೀವಂತ ಕೊರವದ ಮರಿಯನ್ನೇ. ಬೆಂದ ಕೊರವದ ಸಾರು ಬೇಡವೆಂದವರು ಹಸಿ ಕೊರವವನ್ನು, ಅದೂ ಜೀವ ಇರುವುದನ್ನು, ನುಂಗಿ ಬರುತ್ತಿದ್ದಾರೆ. ಮೀನಿನ ಹುಳು ಮನುಷ್ಯನ ಹೊಟ್ಟೆಗೆ ಜೀವಂತ ಸೇರುವ ದಾರಿ ಏನಾದರೂ ನಿಮ್ಮ ಮನೆಯಲ್ಲಿದ್ದರೆ ಎಲ್ಲಕ್ಕಿಂತ ನೇರವಾದದ್ದು ಅದೇ. ಸಾಕಿದ ಮರಿಯಲ್ಲಿ ಹುಳು ಕಡಿಮೆ ಇರಬಹುದು, ಆದರೆ ದಮ್ಮು ಅದರಿಂದ ವಾಸಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಈ ಮಾತು ನಿಮ್ಮ ಕೈಗೆ ಸಿಕ್ಕ ಒಳ್ಳೆಯ ಉತ್ತರವೆಂದು ಜಗಳದ ನಡುವೆ ಎತ್ತಿ ಹಾಕಬೇಡಿ, ತಾಯಿ. ಹಾಗೆ ಮಾಡಿದರೆ ಜಗಳ ಗೆಲ್ಲುತ್ತೀರಿ, ಅವರು ಹಟಕ್ಕಾದರೂ ಮುಂದಿನ ಜೂನ್‌ನಲ್ಲಿ ಮತ್ತೆ ರೈಲು ಹತ್ತುತ್ತಾರೆ. ಇದನ್ನು ಹೇಳಬೇಕಾದವರು ಈವರೆಗೆ ಬಾಯಿ ಬಿಡದ ನಿಮ್ಮ ಯಜಮಾನರು, ಅವರ ತಾಯಿಗೆ ಅವರೇ. ತಮ್ಮನನ್ನು ಮನೆಗೆ ಕರೆಯುವ ಕೆಲಸವೂ ಅವರದೇ. ಅದಕ್ಕೂ ಮೊದಲು ತಾಯಿಯನ್ನು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಲಿ, ಉಸಿರಿನ ಪರೀಕ್ಷೆ ಮಾಡಿಸಲಿ. ದಮ್ಮಿಗೆ ದಿನವೂ ಸರಿಯಾಗಿ ಎಳೆದುಕೊಳ್ಳುವ ಇನ್‌ಹೇಲರ್ ಇದೆ, ಅದನ್ನು ಬಿಡದೆ ಬಳಸಿದರೆ ಬಹಳಷ್ಟು ಜನಕ್ಕೆ ಹತೋಟಿಗೆ ಬರುತ್ತದೆ. ಮುಂದಿನ ಮೃಗಶಿರಾ ಬರುವುದರೊಳಗೆ ಈ ಕೆಲಸ ಆಗಲಿ.